ಎದುರಿಗೇ ನಿಂತವನಿಗೆ ಪ್ರಾಕ್ಸಿ

ಮಾನ್ಯ ಮುಖ್ಯ ನಿಲಯಪಾಲಕರೇ,

ಹಾಜರಿ ಕೂಗುವಾಗ ನಾನು ಅಲ್ಲೇ ಇದ್ದೆ. ಕೆಳಗಿನ ವರಾಂಡದಲ್ಲಿ, ಎರಡನೇ ಸಾಲಿನಲ್ಲಿ, ಕಂಬದ ಪಕ್ಕ ಕೈ ಎತ್ತಿಕೊಂಡು ನಿಂತಿದ್ದೆ. ನನ್ನ ನಂಬರು ಬಂದಾಗ ನನ್ನ ರೂಮ್‌ಮೇಟ್ "ಎಸ್ ಸರ್, ಇಲ್ಲೇ ಇದಾನೆ" ಎಂದ. ಈ ಅಪರಾಧಕ್ಕಾಗಿ ಅವನನ್ನು ಸೋಮವಾರದಿಂದ ವಿದ್ಯಾರ್ಥಿ ನಿಲಯದಿಂದ ಹೊರಹಾಕುವುದಾಗಿ ತಾವು ನೋಟಿಸ್ ಹೊರಡಿಸಿದ್ದೀರಿ. "ಗೈರುಹಾಜರಾದ ನಿಲಯಾರ್ಥಿಯ ಪರವಾಗಿ ಪ್ರಾಕ್ಸಿ ಹೇಳಿದ ಕಾರಣ" ಎಂದು ಅದರಲ್ಲಿದೆ. ಆ ಗೈರುಹಾಜರಾದ ನಿಲಯಾರ್ಥಿ ನಾನು. ನೋಟಿಸನ್ನು ಬೋರ್ಡಿನ ಮುಂದೆ ನಿಂತು, ನನ್ನ ಎರಡೂ ಕಾಲಿನ ಮೇಲೆ ನಿಂತು, ಓದಿದ್ದೇನೆ.

ಅದೇ ನೋಟಿಸಿನ ಕೊನೆಯ ಸಾಲಿನಲ್ಲಿ ಗೈರುಹಾಜರಾದ ಸದರಿ ನಿಲಯಾರ್ಥಿಯು ಸೋಮವಾರ ತಮ್ಮ ಮುಂದೆ ಖುದ್ದಾಗಿ ಹಾಜರಾಗಿ ಮೌಖಿಕ ವಿವರಣೆ ನೀಡತಕ್ಕದ್ದು, ಲಿಖಿತ ವಿವರಣೆಯನ್ನು ಪುರಸ್ಕರಿಸಲಾಗುವುದಿಲ್ಲ ಎಂದಿದೆ. ಹಿಂದಿನ ಬ್ಯಾಚಿನವರು ಒಂದೇ ಕ್ಷಮಾಪಣೆ ಪತ್ರವನ್ನು ಹೆಸರು ಬದಲಿಸಿ ಬದಲಿಸಿ ಕೊಡುತ್ತಿದ್ದರಂತೆ. ಅಂದಿನಿಂದ ಈ ನಿಯಮ ಬಂತಂತೆ. ಇರಲಿ. ಆದರೂ ಬರೆದುಕೊಂಡು ನಿಮ್ಮ ಆಫೀಸಿಗೆ ಹೋಗಿದ್ದೆ. ಗುಮಾಸ್ತರು ಕಾಗದವನ್ನು ಮುಟ್ಟದೆ, ಪೆನ್ನಿನ ತುದಿಯಿಂದ ನನ್ನ ಕಡೆಗೇ ತಳ್ಳಿದರು. "ಬರ್ದಿದ್ದು ತಗೊಳಲ್ಲಪ್ಪ. ಬಾಯಲ್ಲಿ ಹೇಳು" ಎಂದರು. ಹೇಳಿದೆ. "ಏನು?" ಎಂದರು. ಮತ್ತೆ ಹೇಳಿದೆ. "ಬೆಳಗ್ಗೆ ತಿಂಡಿ ತಿಂದಿಲ್ವಾ? ಸ್ವಲ್ಪ ಜೋರಾಗಿ" ಎಂದರು. ಅವರ ತಿಂಡಿಯ ಪ್ರಶ್ನೆಗೆ ಸರಿಯಾದ ಉತ್ತರ, ತಿಂದಿರಲಿಲ್ಲ. ಅದೂ ಅವರಿಗೆ ಕೇಳಿಸಲಿಲ್ಲ.

ಆದ್ದರಿಂದ ಆ ಕಾಗದವನ್ನು ಉದ್ದ ಮಾಡಿ, ವಿದ್ಯಾರ್ಥಿ ಸಂಘದ ಗೋಡೆಪತ್ರಿಕೆಯಲ್ಲಿ, ಊಟದ ಮನೆಯ ಬಾಗಿಲ ಎದುರು ಅಂಟಿಸುತ್ತಿದ್ದೇನೆ. ತಾವು ಮೆಸ್ ತಪಾಸಣೆಗೆ ಬರುವಾಗ ಇದರ ಮುಂದೆಯೇ ಹಾದುಹೋಗಬೇಕು. ಪುರಸ್ಕರಿಸಬೇಡಿ, ಪರವಾಗಿಲ್ಲ. ಓದಿದರೆ ಸಾಕು. ನನ್ನ ಬರವಣಿಗೆಯ ತಪ್ಪುಗಳನ್ನು ಕ್ಷಮಿಸಬೇಕು. ಆರನೇ ಕ್ಲಾಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದವನು ನಾನು. ನನ್ನ ಭಾಷೆಯಲ್ಲಿ ಅರ್ಧ ಇಂಗ್ಲಿಷ್, ಉಳಿದರ್ಧ ನೋಟಿಸ್ ಬೋರ್ಡು. "ತಕ್ಕದ್ದು" ಮತ್ತು "ತಕ್ಕದ್ದಲ್ಲ" ಎಂಬ ಎರಡು ಪದಗಳ ಮಧ್ಯೆಯೇ ನನಗೆ ಮೀಸೆ ಬಂದಿದೆ.

ಮೊದಲು ಕಾಯಿಲೆಯ ವಿಷಯ. ಕಳೆದ ಸೆಮಿಸ್ಟರಿನ ಕೊನೆಯಲ್ಲಿ ನಮ್ಮ ಫ್ಲೋರಿಗೆಲ್ಲ ವೈರಲ್ ಜ್ವರ ಬಂತಲ್ಲ, ಎಲ್ಲರಿಗೂ ಬಂದು ಹೋಯಿತು, ನನಗೆ ಬಂದು ಕೂತುಬಿಟ್ಟಿತು. ಎದೆಗಿಳಿಯಿತು. ಆಸ್ಪತ್ರೆಯಲ್ಲಿ ಗಂಟಲೊಳಗೆ ನಳಿಕೆ ಇಳಿಸಿ ಯಂತ್ರದ ಉಸಿರಿನ ಮೇಲೆ ಇಟ್ಟಿದ್ದರು. ನಳಿಕೆ ತೆಗೆದಾಗ ನಾನು ಬದುಕಿದ್ದೆ, ಎಲ್ಲರೂ ಖುಷಿಪಟ್ಟರು. ನಾನೂ ಖುಷಿಪಟ್ಟು "ಅಮ್ಮಾ" ಅಂದೆ. ಗಾಳಿ ಬಂತು, ಧ್ವನಿ ಬರಲಿಲ್ಲ. ಅಮ್ಮ ಒಂದು ಚಮಚ ನೀರು ಕುಡಿಸಲು ಬಂದರೆ ನರ್ಸ್ ಓಡಿಬಂದು ಚಮಚ ಕಿತ್ತುಕೊಂಡರು.

ಯಾವುದಾದರೂ ಕೆಲಸ ಸುಲಭವಾಗಿದ್ದರೆ "ನೀರು ಕುಡಿದಷ್ಟು ಸಲೀಸು" ಎನ್ನುತ್ತೇವೆ. ಮಾನ್ಯರೇ, ಈ ಮಾತು ಹುಟ್ಟಿಸಿದವರಿಗೆ ನನ್ನಂಥ ಗಂಟಲು ಇರಲಿಲ್ಲ. ಇರುವ ಎಲ್ಲ ಪದಾರ್ಥಗಳಲ್ಲಿ ನನಗೆ ಅತಿ ಕಷ್ಟದ್ದು ನೀರು. ಅನ್ನ ನಿಧಾನಕ್ಕೆ ಇಳಿಯುತ್ತದೆ, ಗಂಟಲಿಗೆ ಸಿದ್ಧವಾಗಲು ಟೈಮ್ ಕೊಡುತ್ತದೆ. ನೀರು ಹಾಗಲ್ಲ, ಬಾಗಿಲು ಮುಚ್ಚುವ ಮೊದಲೇ ನುಗ್ಗುತ್ತದೆ, ಅನ್ನನಾಳ ಬಿಟ್ಟು ಶ್ವಾಸನಾಳದ ಕಡೆಗೆ. ನನ್ನ ಎಡಗಡೆಯ ಧ್ವನಿತಂತು ಸದ್ಯಕ್ಕೆ ಅಲ್ಲಾಡುತ್ತಿಲ್ಲ. ಅದೇ ಬಾಗಿಲು, ಅದೇ ಧ್ವನಿ. ಬಾಗಿಲು ಪೂರ್ತಿ ಮುಚ್ಚದ್ದರಿಂದ ನೀರು ಒಳಗೆ ಹೋಗುತ್ತದೆ, ಮಾತು ಗಾಳಿಯಾಗಿ ಸೋರಿಹೋಗುತ್ತದೆ. ಸ್ಪೀಚ್ ಥೆರಪಿಸ್ಟ್ ಮೇಡಂ ಚಿತ್ರ ಬರೆದು ವಿವರಿಸಿದಾಗ, ಇಂಜಿನಿಯರಿಂಗ್ ಡ್ರಾಯಿಂಗಿಗಿಂತ ಚೆನ್ನಾಗಿ ಅರ್ಥವಾಯಿತು.

ಅವರು ಕಲಿಸಿದ್ದು ಹೀಗೆ. ನೀರಿಗೆ, ಸೂಪಿಗೆ, ಔಷಧಿಗೆ ಕೂಡ ಒಂದು ಪುಡಿ ಬೆರೆಸಿ ಜೇನಿನಷ್ಟು ಗಟ್ಟಿ ಮಾಡಿಕೊಳ್ಳಬೇಕು. ನೆಟ್ಟಗೆ ಕೂತು, ಗಲ್ಲವನ್ನು ಎದೆಗೆ ತಗ್ಗಿಸಿ, ಸಣ್ಣ ತುತ್ತು. ಒಂದು ತುತ್ತಿಗೆ ಎರಡು ಸಲ ನುಂಗಬೇಕು. ತಿನ್ನುವಾಗ ಮಾತಾಡಕೂಡದು. ಒಬ್ಬನೇ ಕೂತು ತಿನ್ನಕೂಡದು. ತಿಂದ ತಕ್ಷಣ ಮಲಗಕೂಡದು. ಧ್ವನಿಯ ವಿಷಯಕ್ಕೆ ಬಂದರೆ, ಕೂಗಕೂಡದು, ಗಂಟಲು ಕೆರೆದು ಕೆಮ್ಮಕೂಡದು. ಪಿಸುಮಾತಾದರೂ ಆಡಬಹುದಾ ಎಂದು ಕೇಳಿದೆ. "ಅದು ಇನ್ನೂ ಕೆಟ್ಟದ್ದು. ಪಿಸುಗುಟ್ಟೋಕೆ ಗಂಟಲು ಜಾಸ್ತಿ ಕಷ್ಟಪಡುತ್ತೆ. ಎಷ್ಟು ಬರುತ್ತೋ ಅಷ್ಟರಲ್ಲೇ ಮಾತಾಡು. ಕೇಳೋರು ಹತ್ತಿರ ಬರ್ಲಿ" ಎಂದರು. ಧ್ವನಿ ವಾಪಸ್ ಬರುತ್ತದೆಯೇ ಎಂದರೆ, ತಿಂಗಳುಗಟ್ಟಲೆ ಹಿಡಿಯಬಹುದು, ಬಂದರೂ ಹಳೆಯದೇ ಬರುತ್ತದೆಂದು ಹೇಳಲಾಗದು, ಅಷ್ಟರವರೆಗೆ ಇರುವುದನ್ನು ಒಡೆಯಬೇಡ ಎಂದರು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಫುಲ್ ಮಾರ್ಕ್ಸ್ ತೆಗೆದುಕೊಂಡಿದ್ದೆ. ಈಗ ಎರಡೂ ಬಾರದವನಾಗಿ ನಿಮ್ಮ ನಿಲಯಕ್ಕೆ ವಾಪಸ್ ಬಂದೆ. ಮನೆಯಲ್ಲೇ ಇರಬಹುದಿತ್ತಲ್ಲ ಎಂದು ಕೇಳುತ್ತೀರಿ. ಕಾಲೇಜಿನಲ್ಲಿ ಅಟೆಂಡೆನ್ಸ್ ಶಾರ್ಟೇಜ್ ಎಂದು ಮನೆಗೆ ಪತ್ರ ಬಂದಿತ್ತು, ಬಂದೆ.

ಇನ್ನು ನನ್ನ ರೂಮ್‌ಮೇಟ್ ವಿಷಯ. ತಾವು ಹೊರಹಾಕಲಿರುವವನು. ಅವನನ್ನು ಎಲ್ಲರೂ ಮೈಕ್ ಎಂದು ಕರೆಯುತ್ತಾರೆ. ಅವನು ಗುಟ್ಟು ಹೇಳಿದರೆ ಪಕ್ಕದ ಬ್ಲಾಕಿನವರು ನಗುತ್ತಾರೆ. ಅಂಥವನನ್ನು ಪ್ರಾಕ್ಸಿ ಹೇಳಲು ಆರಿಸಿಕೊಳ್ಳುವಷ್ಟು ದಡ್ಡ ನಾನಲ್ಲ ಎಂಬುದನ್ನು ತನಿಖೆಯಲ್ಲಿ ಗಮನಿಸಬೇಕಾಗಿ ವಿನಂತಿ. ನಾನು ಊಟಕ್ಕೆ ಕೂತಾಗ ಮೈಕ್ ಎದುರಿಗೆ ಕೂರುತ್ತಾನೆ. ತನ್ನದು ಮುಗಿದರೂ ಏಳುವುದಿಲ್ಲ. ನನ್ನ ಗಂಟಲನ್ನೇ ನೋಡುತ್ತ, ಒಂದು ಸಲ ನುಂಗಿದ ಮೇಲೆ ಮೇಜಿಗೆ ಬೆರಳಿನಿಂದ ಟಕ್ ಎನ್ನಿಸುತ್ತಾನೆ. ಇನ್ನೊಂದು ಸಲ ನುಂಗು ಎಂದರ್ಥ. ಮರೆತು ನಾನು ಮಾತಿಗೆ ಬಾಯಿ ತೆರೆದರೆ "ಮುಚ್ಚೋ, ಮೊದ್ಲು ಇಳೀಲಿ" ಎನ್ನುತ್ತಾನೆ. ಥೆರಪಿಸ್ಟ್ ಮೇಡಂ ಭಾಷೆಯಲ್ಲಿ ಇದಕ್ಕೆ ಸೂಪರ್ವಿಷನ್ ಎನ್ನುತ್ತಾರೆ. ನಿಮ್ಮ ನೋಟಿಸಿನ ಭಾಷೆಯಲ್ಲಿ "ಊಟದ ನಂತರ ಅನಗತ್ಯವಾಗಿ ಕುಳಿತಿರುವುದು".

ಅದಕ್ಕೂ ಗಂಟೆ ಇದೆಯಲ್ಲ. ಗಂಟೆ ಬಾರಿಸಿದ ಮೇಲೆ ಊಟದ ಮನೆಯಲ್ಲಿ ಯಾರೂ ಇರತಕ್ಕದ್ದಲ್ಲ. ನನ್ನ ತಟ್ಟೆ ಅರ್ಧ ಇರುವಾಗಲೇ ಬಡಿಸುವವರು ಒದ್ದೆ ಬಟ್ಟೆ ತಂದು ತಟ್ಟೆಯ ಸುತ್ತ ಒರೆಸಲು ಶುರುಮಾಡುತ್ತಾರೆ. "ಏನಪ್ಪಾ, ಅನ್ನದ ಅಗುಳು ಎಣಿಸ್ತಿದ್ದೀಯಾ? ಲೆಕ್ಕ ತಪ್ಪಿದ್ರೆ ನಾಳೆ ಮುಂದುವರಿಸು" ಎನ್ನುತ್ತಾರೆ. ತಮಾಷೆಗೆ. ಅವರಿಗೂ ಮನೆಗೆ ಹೋಗಬೇಕು, ಅವರ ಮೇಲೆ ನನ್ನ ದೂರಿಲ್ಲ. ಆದರೆ ಯಾರಾದರೂ ಕಾಯುತ್ತಿದ್ದಾರೆ ಎಂದರೆ ನನಗೆ ಟೆನ್ಶನ್ ಆಗುತ್ತದೆ, ಟೆನ್ಶನ್ ಆದರೆ ಗಂಟಲು ಬಿಗಿಯುತ್ತದೆ, ಬಿಗಿದರೆ ಇನ್ನೂ ತಡವಾಗುತ್ತದೆ. ಕೊನೆಗೆ ತಟ್ಟೆ ಹಾಗೇ ಬಿಟ್ಟು ಏಳುತ್ತೇನೆ. ನಂತರ ನೀವು ಅನ್ನ ಚೆಲ್ಲುವವರ ಬಗ್ಗೆ ಇನ್ನೊಂದು ನೋಟಿಸ್ ಹಾಕುತ್ತೀರಿ. ನುಂಗಲಾರದ ತುತ್ತು ಎಂಬುದನ್ನು ನಾನು ಬರೀ ಪುಸ್ತಕದಲ್ಲಿ ಓದಿದ್ದೆ, ನಿಮ್ಮ ಮೆಸ್ಸಿನಲ್ಲಿ ದಿನಾ ತಟ್ಟೆಯಲ್ಲೇ ನೋಡುತ್ತಿದ್ದೇನೆ.

ಆ ಪುಡಿಯ ಕಥೆಯನ್ನೂ ಹೇಳಬೇಕು. ರೂಮ್ ಚೆಕ್ಕಿಂಗಿಗೆ ಬಂದ ಸಹಾಯಕ ನಿಲಯಪಾಲಕರು, ಅಂದರೆ ನಾವು ಹಾಜರಿ ಸರ್ ಎನ್ನುವವರು, ನನ್ನ ಶೆಲ್ಫಿನ ಡಬ್ಬಿ ಎತ್ತಿಕೊಂಡು ಮೂಸಿ ನೋಡಿದರು. "ಬಾಡಿ ಬಿಲ್ಡಿಂಗ್ ಪೌಡರ್ ಇಡೋ ಹಾಗಿಲ್ಲ" ಎಂದರು. ನನ್ನ ತೋಳು ನೋಡಿಯೂ ಹಾಗೆಂದರು. ಅದು ನೀರು ಕುಡಿಯಲು ಬೇಕಾದ ಪುಡಿ ಎಂದು ನಾನು ಹೇಳಿದೆ. ನೀರು ಕುಡಿಯಲು ಪುಡಿ ಯಾರಿಗಾದರೂ ಬೇಕೇ? ನನಗೂ ಆ ಮಾತು ಸುಳ್ಳಿನ ಹಾಗೇ ಕೇಳಿಸಿತು. ಡಬ್ಬಿ ಆಫೀಸಿಗೆ ಹೋಯಿತು.

ಮಾರನೇ ದಿನ ಮಧ್ಯಾಹ್ನ ಬಾಯಾರಿಕೆ ತಡೆಯಲಾರದೆ ಬರೀ ನೀರು ಕುಡಿದೆ. ಗಲ್ಲ ತಗ್ಗಿಸಿದ್ದೆ, ಎಲ್ಲ ಸರಿಯಾಗಿಯೇ ಮಾಡಿದ್ದೆ. ಆದರೂ ಒಳಗೆ ಹೋಯಿತು. ನಿಮಗೆ ನೆತ್ತಿಗೆ ಹತ್ತಿದರೆ ಜೋರಾಗಿ ಕೆಮ್ಮುತ್ತೀರಿ, ಪಕ್ಕದವರು ತಲೆ ತಟ್ಟುತ್ತಾರೆ. ನನಗೆ ಕೆಮ್ಮುವ ಶಕ್ತಿಯೂ ಇರಲಿಲ್ಲ. ಸದ್ದೇ ಬರಲಿಲ್ಲ. ಸುತ್ತ ಇಡೀ ಹಾಸ್ಟೆಲ್ ಊಟ ಮಾಡುತ್ತಿತ್ತು, ಯಾರೋ ಕ್ರಿಕೆಟ್ ಬಗ್ಗೆ ಜಗಳವಾಡುತ್ತಿದ್ದರು, ನಾನು ಅವರ ಮಧ್ಯೆ ಕೂತು ಉಸಿರಿಲ್ಲದೆ ಲೋಟ ಹಿಡಿದುಕೊಂಡಿದ್ದೆ. ಸಾಯುವುದು ಇಷ್ಟು ಸೈಲೆಂಟಾಗಿ ಇರುತ್ತದೆ ಎಂದು ಗೊತ್ತಿರಲಿಲ್ಲ. ಮೈಕ್ ಕೈತೊಳೆಯಲು ಹೋಗಿದ್ದ. ತಿರುಗಿ ನನ್ನ ಮುಖ ನೋಡಿದ. ಅವನು ಕೂಗಿದ ಕೂಗಿಗೆ ಪಾತ್ರೆ ತೊಳೆಯುವವರ ಕೈಯಿಂದ ತಟ್ಟೆ ಬಿತ್ತಂತೆ. ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಬಡಿದರು, ನೀರು ಹೊರಗೆ ಬಂತು.

ಮಾನ್ಯರೇ, ಅವತ್ತೂ ಅವನು ನನ್ನ ಪರವಾಗಿಯೇ ಕೂಗಿದ್ದ. ಅದನ್ನು ಯಾರೂ ಪ್ರಾಕ್ಸಿ ಎನ್ನಲಿಲ್ಲ.

ಡಬ್ಬಿಯನ್ನು ಅಂದೇ ಸಂಜೆ ಹಾಜರಿ ಸರ್ ತಾವೇ ತಂದು ಕೊಟ್ಟರು. ಶೆಲ್ಫಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟು ಹೋದರು. ಅವರು ಕೆಟ್ಟವರಲ್ಲ. ಜ್ವರ ಏರಿದಾಗ ನನ್ನನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಸೇರಿಸಿದವರೂ ಅವರೇ. ದಾರಿಯುದ್ದಕ್ಕೂ ನನ್ನ ತಲೆ ಅವರ ತೊಡೆಯ ಮೇಲಿತ್ತು ಎಂದು ಮೈಕ್ ಹೇಳಿದ್ದಾನೆ. ರಿಜಿಸ್ಟರ್ ತೆರೆದಾಗ ಮಾತ್ರ ಅವರು ಬೇರೆಯೇ ಆಗಿಬಿಡುತ್ತಾರೆ.

ಅವರು ಹಾಜರಿ ಹಾಕುವ ರೀತಿ ತಮಗೆ ಗೊತ್ತಿದೆ. ತಲೆ ಎತ್ತುವುದಿಲ್ಲ. ಕಣ್ಣು ರಿಜಿಸ್ಟರಿನ ಮೇಲೆ, ಕಿವಿ ನಮ್ಮ ಮೇಲೆ. "ಮುಖ ನೋಡಿದ್ರೆ ಮೋಸ ಹೋಗ್ತೀನಿ, ಧ್ವನಿ ಕೇಳಿದ್ರೆ ಹೋಗಲ್ಲ" ಎಂಬುದು ಅವರ ಹೆಮ್ಮೆ. ನಿಜವೇ. ಟೋಪಿ ಹಾಕಿಕೊಂಡು, ಮಫ್ಲರ್ ಸುತ್ತಿಕೊಂಡು ಬೇರೆಯವರ ಜಾಗದಲ್ಲಿ ನಿಂತ ಎಷ್ಟು ಜನರನ್ನು ಅವರು ಒಂದು "ಎಸ್ ಸರ್"ನಲ್ಲಿ ಹಿಡಿದಿಲ್ಲ! ಗೋಡೆ ಹಾರುವವರು ಇದ್ದಾರೆ, ಅವರಿಗೆ ಏನಾದರೂ ಆದರೆ ಹಾಜರಿ ಸರ್ ತಲೆಯ ಮೇಲೆ ಬರುತ್ತದೆ, ಒಪ್ಪುತ್ತೇನೆ. ಅಷ್ಟೇ ಅಲ್ಲ, ಮೊದಲ ದಿನಗಳಲ್ಲಿ ಅದು ನನಗೆ ಇಷ್ಟವೂ ಆಗಿತ್ತು. ಇಷ್ಟು ದೊಡ್ಡ ಕಟ್ಟಡದಲ್ಲಿ, ಯಾರ ಹೆಸರೂ ಗೊತ್ತಿಲ್ಲದ ಹೊತ್ತಿನಲ್ಲಿ, ಒಬ್ಬರಿಗೆ ನನ್ನ ಧ್ವನಿ ಗೊತ್ತಿತ್ತು. ಮುಖ ನೋಡದೆ ಗುರುತಿಸುವವರು ಅದುವರೆಗೆ ನನಗೆ ಅಮ್ಮ ಒಬ್ಬರೇ ಇದ್ದರು.

ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಹಾಜರಿಯಲ್ಲಿ ನಾನೇ "ಎಸ್ ಸರ್" ಎಂದೆ. ಪೆನ್ನು ನಿಂತಿತು. "ಯಾರೋ ಅದು? ಇದು ಅವನ ಧ್ವನಿ ಅಲ್ಲ. ಪ್ರಾಕ್ಸಿ" ಎಂದರು, ಗೈರು ಬರೆದರು. ತೋರಿಸೋಣವೆಂದು ಮುಂದೆ ಹೋದರೆ, ಕೂಗುವಾಗ ಸಾಲು ಬಿಟ್ಟು ಬರತಕ್ಕದ್ದಲ್ಲ ಎಂದು ವಾಪಸ್ ಕಳಿಸಿದರು. ಮುಗಿದ ಮೇಲೆ ಹೋದರೆ, ಮುಚ್ಚಿದ ರಿಜಿಸ್ಟರ್ ತೆರೆಯುವಂತಿಲ್ಲ ಎಂದರು. ನನ್ನ ಎದುರಿಗೆ ನಿಂತು, ನನ್ನ ಮುಖವನ್ನೇ ನೋಡಿಕೊಂಡು, "ಇನ್ಮೇಲೆ ಟೈಮಿಗೆ ಸರಿಯಾಗಿ ಬಾ" ಎಂದರು.

ಮಾರನೇ ದಿನ ಸುಮ್ಮನೆ ಕೈ ಎತ್ತಿ ನಿಂತೆ. ತಲೆ ಎತ್ತದವರಿಗೆ ಕೈ ಎತ್ತಿ ಏನು ಪ್ರಯೋಜನ? ಮತ್ತೆ ಗೈರು. ನಿಮ್ಮ ಆಫೀಸಿನಿಂದ ಅಮ್ಮನ ಫೋನಿಗೆ ಮೆಸೇಜ್ ಹೋಯಿತು, ನಿಮ್ಮ ಮಗ ನಿಲಯದಲ್ಲಿಲ್ಲ ಎಂದು. ಅಮ್ಮ ಗಾಬರಿಯಾಗಿ ಆಫೀಸಿಗೆ ಫೋನ್ ಮಾಡಿದರೆ, ನಿಮ್ಮ ಮಗನಿಗೇ ಫೋನ್ ಮಾಡಿ ಮಾತಾಡಿ ನೋಡಿ ಎಂದು ಬುದ್ಧಿ ಹೇಳಿದರಂತೆ.

ನನ್ನ ಫೋನಿನ ಚಾರ್ಜ್ ಮುಗಿದಿತ್ತು. ಮೈಕ್‌ನ ಫೋನಿನಿಂದ ನಾನೇ ಮಾಡಿದೆ. ಇದ್ದಷ್ಟು ಧ್ವನಿಯಲ್ಲಿ "ಅಮ್ಮ, ಇಲ್ಲೇ ಇದೀನಿ" ಎಂದೆ. "ಯಾರಪ್ಪಾ ಮಾತಾಡ್ತಿರೋದು? ನನ್ನ ಮಗ ಎಲ್ಲಿ?" ಎಂದರು ಅಮ್ಮ. ಎರಡು ಸಲ ಹಾಗೇ ಕೇಳಿದರು. ಆಮೇಲೆ "ನೀನೇ ಆದ್ರೆ ಫೋನ್ ಮೇಲೆ ಒಂದ್ಸಲ ತಟ್ಟು" ಎಂದರು. ತಟ್ಟಿದೆ. "ಊಟ ಆಯ್ತಾ? ಆಗಿದ್ರೆ ಒಂದ್ಸಲ, ಇಲ್ಲಾಂದ್ರೆ ಎರಡು ಸಲ." ಒಂದು ಸಲ ತಟ್ಟಿದೆ. "ಸುಳ್ಳು ಹೇಳ್ತಿದ್ದೀಯ" ಎಂದರು. ಅಂದಿನಿಂದ ನಾವು ಹೀಗೇ ಮಾತಾಡುತ್ತೇವೆ. ಮನೆಯಲ್ಲಿ ಹತ್ತಿರ ಕೂತು ಕೇಳುತ್ತಿದ್ದ ನನ್ನ ಧ್ವನಿ ಫೋನಿನಲ್ಲಿ ಅಮ್ಮನಿಗೂ ಗುರುತು ಸಿಗಲಿಲ್ಲ ಮಾನ್ಯರೇ. ಆದರೆ ಅಮ್ಮ ಪ್ರಾಕ್ಸಿ ಎಂದು ಫೋನ್ ಇಡಲಿಲ್ಲ.

ಡಾಕ್ಟರ ಸರ್ಟಿಫಿಕೇಟ್ ಯಾಕೆ ಕೊಡಲಿಲ್ಲ ಎನ್ನುತ್ತೀರಾ? ಕೊಟ್ಟೆ. ಗುಮಾಸ್ತರು ತಿರುಗಿಸಿ ನೋಡಿ, "ರಜೆ ಬೇಕಾದ್ರೆ ಸರ್ಟಿಫಿಕೇಟ್ ಕೊಡು. ಇಲ್ಲೇ ಇರೋದಕ್ಕೆಲ್ಲ ಸರ್ಟಿಫಿಕೇಟ್ ಯಾಕೆ?" ಎಂದರು. ಹೌದಲ್ಲ! ಇಲ್ಲದಿರುವುದಕ್ಕೆ ನಿಮ್ಮಲ್ಲಿ ಒಂದು ಫೈಲಿದೆ, ಇರುವುದಕ್ಕೆ ಇಲ್ಲ. ನನ್ನ ಸ್ಥಿತಿ ನೋಡಿ. ನಾನು ಬಾಯಿ ಬಿಟ್ಟರೆ ಪ್ರಾಕ್ಸಿ, ಬಿಡದಿದ್ದರೆ ಗೈರು, ಪಕ್ಕದವನು ಬಿಟ್ಟರೆ ಅವನಿಗೆ ಗೇಟ್‌ಪಾಸ್. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನಂತೆ. ಬಾಯಿಲ್ಲದವನು ನಿಮ್ಮ ನಿಲಯದಲ್ಲಿ ಮೂರು ಹೊತ್ತು ಊಟವಿದ್ದೂ ಹೇಗೆ ಬದುಕಬೇಕು, ಅದಕ್ಕೊಂದು ನಿಯಮ ತೋರಿಸಿ, ಪಾಲಿಸುತ್ತೇನೆ. ನಿಯಮ ಪಾಲಿಸುವುದರಲ್ಲಿ ನನಗೆ ಆರನೇ ಕ್ಲಾಸಿನಿಂದ ಅನುಭವವಿದೆ.

ಮೂರನೇ ದಿನ ನಾನು ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಂತೆಯೇ ಮೈಕ್ ಹೇಳಿಬಿಟ್ಟ. ಪ್ರಾಕ್ಸಿ ಹೇಳುವವರು ದನಿ ಬದಲಿಸಿ ಹೇಳುತ್ತಾರೆ, ಅವನು ತನ್ನದೇ ದನಿಯಲ್ಲಿ ಹೇಳಿದ. "ಇಲ್ಲೇ ಇದಾನೆ" ಎಂದು ಸೇರಿಸಿಯೂ ಹೇಳಿದ. ಇನ್ನೊಬ್ಬನಾಗಿ ನಟಿಸುವವನು "ಇದಾನೆ" ಎನ್ನುತ್ತಾನೆಯೇ? ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಿಮ್ಮ ರಿಜಿಸ್ಟರಿನಲ್ಲಿ ಅಂದು ಬರೆದದ್ದರಲ್ಲಿ ಇದೆ.

ಈಗ ಮೈಕ್ ಟ್ರಂಕ್ ತುಂಬಿಸುತ್ತಿದ್ದಾನೆ. ಹೊರಗೆ ರೂಮ್ ಮಾಡುವಷ್ಟು ಅನುಕೂಲ ಅವನ ಮನೆಯಲ್ಲಿಲ್ಲ, ಹೊರಹಾಕಿದರೆ ಅವನು ಈ ವರ್ಷ ಬಿಟ್ಟು ಮನೆಗೇ ಹೋಗಬೇಕು. ಅದನ್ನು ಅವನು ನನಗೆ ಹೇಳಿಲ್ಲ, ಅವನ ಫೋನ್ ಮಾತು ಎಲ್ಲರಿಗೂ ಕೇಳಿಸುವಂತೆ ನನಗೂ ಕೇಳಿಸಿತು. ನನಗೆ ಹೇಳಿದ್ದು ಇಷ್ಟೇ, "ನಾನು ಹೋದ್ಮೇಲೆ ಎದುರಿಗೆ ಯಾರನ್ನಾದ್ರೂ ಕೂರಿಸ್ಕೋ. ಆದ್ರೆ ಆ ಕ್ರಿಕೆಟ್ ಗ್ಯಾಂಗ್ ಬೇಡ ಕಣೋ, ಅವರು ಸ್ಕೋರ್ ನೋಡ್ತಾ ನಿನ್ನ ಔಟ್ ಮಾಡ್ಬಿಡ್ತಾರೆ."

ಆದ್ದರಿಂದ ನನ್ನ ಬೇಡಿಕೆ. ಮೈಕ್ ಮೇಲಿನ ನೋಟಿಸನ್ನು ಹಿಂತೆಗೆದುಕೊಳ್ಳಿ. ಅದೇ ಬೋರ್ಡಿನಲ್ಲಿ, ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ. ಶಿಕ್ಷೆ ಕೊಡಲೇಬೇಕೆಂದಿದ್ದರೆ ಗೈರುಹಾಜರಾದ ನಿಲಯಾರ್ಥಿಗೆ ಕೊಡಿ, ಅವನು ದಿನಾ ಎರಡನೇ ಸಾಲಿನಲ್ಲಿ ಸಿಗುತ್ತಾನೆ. ನನ್ನ ತಟ್ಟೆ ಮುಗಿಯುವವರೆಗೆ ಒಂದು ಮೇಜಿನ ಮೇಲೆ ಒದ್ದೆ ಬಟ್ಟೆ ಬೀಳದಂತೆ ಹೇಳಿ. ಹಾಜರಿ ಸರ್ ಅವರಿಗೆ ತಲೆ ಎತ್ತಲು ಅಪ್ಪಣೆ ಕೊಡಿ, ನನ್ನ ನಂಬರಿಗೆ ಮಾತ್ರ ಸಾಕು. ಅಥವಾ ಬೇಡ, ಅವರ ಪದ್ಧತಿ ಅವರಿಗಿರಲಿ. ಇಡೀ ಹಾಸ್ಟೆಲಿನ ಧ್ವನಿ ಬಲ್ಲವರು ಅವರು. ಒಂದು ಸಂಜೆ ಹತ್ತಿರ ಕೂತು ನನ್ನ ಈಗಿನದನ್ನೂ ಕೇಳಿಸಿಕೊಳ್ಳಲಿ. ಇನ್ನೊಂದು ಧ್ವನಿ ಅವರ ಕಿವಿಗೆ ಭಾರವಾಗಲಾರದು.

ಸೋಮವಾರ ನಾನು ಬರುತ್ತೇನೆ. ಖುದ್ದಾಗಿ, ಮೌಖಿಕವಾಗಿ. ಹೇಳಬೇಕಾದದ್ದನ್ನು ರೂಮಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೇನೆ, ಮೈಕ್ ದೂರ ದೂರ ನಿಂತು ಎಲ್ಲಿಯವರೆಗೆ ಕೇಳಿಸುತ್ತದೆ ಎಂದು ನೋಡುತ್ತಿದ್ದಾನೆ. ನನ್ನ ಧ್ವನಿ ಒಂದು ಮಂಚದಷ್ಟು ಅಗಲ ದಾಟುತ್ತದೆ, ಅದರಾಚೆ ಇಲ್ಲ. ನಿಮ್ಮ ಮೇಜನ್ನು ನಾನು ನೋಡಿದ್ದೇನೆ. ಅದು ಮಂಚಕ್ಕಿಂತ ಅಗಲ. ಆದ್ದರಿಂದ ಮಾನ್ಯರೇ, ಅಂದು ಒಂದು ಕುರ್ಚಿಯನ್ನು ಮೇಜಿನ ಈ ಕಡೆ ಹಾಕಿಸಿಕೊಂಡು ಕೂರಬೇಕಾಗಿ ಪ್ರಾರ್ಥನೆ. ಅದು ತಮ್ಮ ಘನತೆಗೆ ಆಗದಿದ್ದರೆ, ಬಾಗಿಲ ಹೊರಗೆ ಟ್ರಂಕಿನ ಮೇಲೆ ಮೈಕ್ ಕೂತಿರುತ್ತಾನೆ. ಒಳಗೆ ಕರೆಯಿರಿ. ನಾನು ಹೇಳಿದ್ದನ್ನು ಅವನು ತಮಗೆ ಕೇಳಿಸುವಂತೆ ಹೇಳುತ್ತಾನೆ. ಆಗ ನಾವಿಬ್ಬರೂ ನಿಮ್ಮ ಎದುರಿಗೇ ಇರುತ್ತೇವೆ. ತಲೆ ಎತ್ತಿ ನೋಡಿ, ಆಮೇಲೆ ಏನು ಬೇಕಾದರೂ ಬರೆದುಕೊಳ್ಳಿ.

ಇಂತಿ,
ಕಂಬದ ಪಕ್ಕ ಇನ್ನೂ ಕೈ ಇಳಿಸದೆ ನಿಂತಿರುವ,
ತಮ್ಮ ರಿಜಿಸ್ಟರಿನ ಪ್ರಕಾರ ಇಲ್ಲದಿರುವ,
ಪ್ರಥಮ ವರ್ಷದ ಒಬ್ಬ ನಿಲಯಾರ್ಥಿ